ಡಯಾಲಿಸಿಸ್‌ನಿಂದ ಡಿಎನ್‌ಎ ಹಾಳಾಗುತ್ತಾ? ಶಿಡ್ಲಘಟ್ಟದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾವು ಶಿಡ್ಲಘಟ್ಟದವರು. ನಮ್ಮ ತಂದೆಗೆ 61 ವರ್ಷ. ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿದವರು. 18 ವರ್ಷದಿಂದ ಶುಗರ್ ಇದೆ, ಎರಡು ವರ್ಷದಿಂದ ಡಯಾಲಿಸಿಸ್ ನಡೆಯುತ್ತಿದೆ. ವಾರಕ್ಕೆ ಮೂರು ಸಲ ಅಂದಿದ್ದಾರೆ, ಓಡಾಟ ಕಷ್ಟ ಅಂತ ನಾವು ಎರಡೇ ಸಲ ಹೋಗುತ್ತೇವೆ. ಹೋದ ತಿಂಗಳು ಆಸ್ಪತ್ರೆಯಲ್ಲಿ ಸಂಶೋಧನೆಗೆ ಅಂತ ಸಹಿ ಮಾಡಿಸಿಕೊಂಡು ರಕ್ತ ತೆಗೆದುಕೊಂಡರು. ‘ಡಯಾಲಿಸಿಸ್ ಪಡೆಯುವ ಶುಗರ್ ರೋಗಿಗಳಲ್ಲಿ ಡಿಎನ್‌ಎ ಹಾನಿ ಮತ್ತು ದುರಸ್ತಿ’ ಅಂತ ಕಾಗದದಲ್ಲಿ ಇತ್ತು. ಅದನ್ನು ಓದಿದಾಗಿನಿಂದ ಮನೆಯಲ್ಲಿ ಒಂದೇ ಮಾತು. ಮಿಷನ್ನಿಂದಲೇ ಡಿಎನ್‌ಎ ಹಾಳಾಗುತ್ತಿದೆ, ಕ್ಯಾನ್ಸರ್ ಬರುತ್ತೆ, ನಿಲ್ಲಿಸಿಬಿಡೋಣ ಅಂತಾರೆ. ಸಂಬಂಧಿಕರೊಬ್ಬರು ‘ಡಿಎನ್‌ಎ ರಿಪೇರಿ ಮಾಡುವ’ ಪುಡಿ ತಂದುಕೊಟ್ಟಿದ್ದಾರೆ. ಕೊಡಬಹುದಾ? ಈ ಹಾನಿ ನನಗೂ ನನ್ನ ಮಕ್ಕಳಿಗೂ ಬರುತ್ತಾ? ನಾವೂ ಡಿಎನ್‌ಎ ಟೆಸ್ಟ್ ಮಾಡಿಸಬೇಕಾ?

ಉತ್ತರ: ಮೊದಲು ಕೈಮುಗಿದು ಒಂದು ಮಾತು ಹೇಳುತ್ತೇನೆ. ಡಯಾಲಿಸಿಸ್ ನಿಲ್ಲಿಸಬೇಡಿ. ಉಳಿದಿದ್ದನ್ನು ನಿಧಾನವಾಗಿ ಓದಿ. ನಾಳೆ ಅಪ್ಪನ ಡಯಾಲಿಸಿಸ್ ದಿನವಾಗಿದ್ದರೆ ಮೊದಲು ಅವರನ್ನು ಕರೆದುಕೊಂಡು ಹೋಗಿಬನ್ನಿ. ಆ ಪುಡಿಯನ್ನು ಸದ್ಯಕ್ಕೆ ಬಾಯಿ ಕಟ್ಟಿ ಮೇಲಿಡಿ.

ನಿಮ್ಮ ಮನೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ಡಯಾಲಿಸಿಸ್‌ನಲ್ಲಿ ಇರುವವರ ರಕ್ತಕಣಗಳಲ್ಲಿ ಡಿಎನ್‌ಎ ಹಾನಿ ಜಾಸ್ತಿ ಇರುವುದು ನಿಜ. ಶುಗರ್ ಕೂಡ ಇದ್ದರೆ ಅದು ಇನ್ನೂ ಹೆಚ್ಚಿರುತ್ತದೆ ಅಂತ ಹಲವು ಕಡೆ ಕಂಡುಬಂದಿದೆ. ಆದರೆ ಆ ತಪ್ಪನ್ನೆಲ್ಲ ಮಿಷನ್ ಮೇಲೆ ಹೊರಿಸುವುದು ಸರಿಯಲ್ಲ. ಯಾಕೆ ಅಂತ ಹೇಳುತ್ತೇನೆ.

ನೀವು ಬಿಚ್ಚಾಣಿಕೆ ಮನೆಯವರು, ಹಾಗಾಗಿ ನನ್ನ ಕೆಲಸ ಅರ್ಧ ಸುಲಭವಾಯಿತು. ಬಿಸಿನೀರಿನ ಬೇಸಿನ್ನಿನಲ್ಲಿ ಬೆಂದ ಗೂಡುಗಳು ತೇಲುತ್ತಿರುತ್ತವೆ. ಹಲವು ಗೂಡಿನ ಎಳೆ ಕೂಡಿ ಒಂದು ನೂಲಾಗಿ ಮೇಲೆ ಓಡುತ್ತಿರುತ್ತದೆ. ನಡುವೆ ಒಂದು ಎಳೆ ಕಡಿಯುತ್ತದೆ. ಮುಂದೆ ಕೂತವರು ಆ ಗೂಡಿನ ತುದಿ ಹುಡುಕಿ, ಬೆರಳಲ್ಲಿ ಎತ್ತಿ, ಓಡುವ ನೂಲಿಗೆ ಸೇರಿಸಿಬಿಡುತ್ತಾರೆ. ಎಳೆ ಕಡಿಯದ ದಿನ ಅಂತ ಇದೆಯಾ? ಇಲ್ಲ. ಕಡಿದದ್ದನ್ನು ಎಷ್ಟು ಬೇಗ ಸೇರಿಸುತ್ತಾರೆ ಅನ್ನುವುದರಲ್ಲಿ ಕಸುಬು ಇದೆ. ನಿಮ್ಮ ಅಪ್ಪ ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು.

ನಮ್ಮ ಪ್ರತಿ ಜೀವಕೋಶದೊಳಗೂ ಇದೇ ನಡೆಯುತ್ತಿದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಎಳೆ ಸುತ್ತಿಟ್ಟಿರುತ್ತದೆ. ಆರೋಗ್ಯವಾಗಿರುವ ನಿಮ್ಮಲ್ಲೂ, ನನ್ನಲ್ಲೂ, ಒಂದೊಂದು ಜೀವಕೋಶದಲ್ಲಿ ದಿನಕ್ಕೆ ಸಾವಿರಾರು ಕಡೆ ಅದಕ್ಕೆ ಪೆಟ್ಟು ಬೀಳುತ್ತದೆ. ಉಸಿರಾಡುವುದರಿಂದ, ಊಟ ಜೀರ್ಣವಾಗುವುದರಿಂದ, ಸುಮ್ಮನೆ ಮೈ ಬೆಚ್ಚಗಿರುವುದರಿಂದಲೂ ಬೀಳುತ್ತದೆ. ಡಿಎನ್‌ಎ ಕಲ್ಲಿನ ಮೇಲೆ ಕೆತ್ತಿದ ಬರಹದ ಹಾಗೆ ಗಟ್ಟಿ ಅಂತ ಒಂದು ಕಾಲದಲ್ಲಿ ನಂಬಿದ್ದರು. ಹಾಗಿಲ್ಲ, ಅದು ತಾನಾಗಿಯೇ ಸವೆಯುತ್ತದೆ, ರಿಪೇರಿ ಮಾಡುವವರು ಒಳಗೇ ಇರಬೇಕು ಅಂತ ತೋರಿಸಿದವರು ಸ್ವೀಡನ್ನಿನ ತೋಮಸ್ ಲಿಂಡಾಲ್. ರಿಪೇರಿಯ ಬೇರೆ ಬೇರೆ ದಾರಿಗಳನ್ನು ಬಿಡಿಸಿದವರು ಪಾಲ್ ಮೋಡ್ರಿಚ್ ಮತ್ತು ಅಜೀಜ್ ಸಂಜಾರ್. ಮೂವರಿಗೂ ಸೇರಿ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಒಂದು ರಿಪೇರಿಯನ್ನು ಹತ್ತಿರದಿಂದ ನೋಡೋಣ. ಡಿಎನ್‌ಎ ಬರಹದಲ್ಲಿ ನಾಲ್ಕೇ ಅಕ್ಷರ. ಅದರಲ್ಲಿ ಗ್ವಾನಿನ್ ಅನ್ನುವ ಅಕ್ಷರಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ತುಕ್ಕು ಹಿಡಿದ ಗ್ವಾನಿನ್ ಅನ್ನು ಗುರುತು ಹಿಡಿಯಲು ಒಂದು ಕಿಣ್ವ ಇದೆ, ಹೆಸರು ಒಜಿಜಿ-1. ಅದು ಎಳೆಯ ಉದ್ದಕ್ಕೂ ತಡಕಾಡುತ್ತಾ ಹೋಗಿ, ಕೆಟ್ಟ ಅಕ್ಷರವನ್ನು ಚಿವುಟಿ ತೆಗೆಯುತ್ತದೆ. ಇನ್ನೊಂದು ಕಿಣ್ವ ಅಲ್ಲಿ ಎಳೆಯನ್ನು ಕತ್ತರಿಸುತ್ತದೆ. ಮತ್ತೊಂದು ಬಂದು ಹೊಸ ಅಕ್ಷರ ಕೂರಿಸುತ್ತದೆ. ಕೊನೆಯದು ತುದಿ ಬೆಸೆಯುತ್ತದೆ. ಗಮನಿಸಿ, ರಿಪೇರಿಯ ನಡುವೆ ಎಳೆ ಸ್ವಲ್ಪ ಹೊತ್ತು ಕಡಿದೇ ಇರುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಕಾಣುವ ಪ್ರತಿ ಬಿರುಕೂ ಬರೀ ಹಾನಿಯ ಗುರುತಲ್ಲ. ಕೆಲವು ನಡೆಯುತ್ತಿರುವ ರಿಪೇರಿಯ ಗುರುತು.

ಈಗ ನಿಮ್ಮ ಅಪ್ಪನ ರಕ್ತದಲ್ಲಿ ಏನು ನೋಡಿರಬಹುದು ಅಂತ ಹೇಳುತ್ತೇನೆ. ಇಂಥ ಸಂಶೋಧನೆಯಲ್ಲಿ ಹೆಚ್ಚಾಗಿ ಬಳಸುವುದು ‘ಕಾಮೆಟ್’ ಪರೀಕ್ಷೆ. ಕಾಮೆಟ್ ಅಂದರೆ ಬಾಲಚುಕ್ಕಿ. ನಾನು ಕೋಲಾರದಲ್ಲಿ ರೋಗಿಗಳನ್ನು ನೋಡುವುದರ ಜೊತೆಗೆ ಕೆಲವು ವರ್ಷ ಈ ಪರೀಕ್ಷೆಯನ್ನೂ ಮಾಡಿದ್ದೇನೆ. ರಕ್ತದಿಂದ ಬಿಳಿ ರಕ್ತಕಣ ಬೇರೆ ಮಾಡುತ್ತೇವೆ. ಕೆಂಪು ಕಣದಲ್ಲಿ ಡಿಎನ್‌ಎ ಇರುವುದಿಲ್ಲ. ಬಿಳಿ ಕಣಗಳನ್ನು ಗಂಜಿಯಂಥ ಒಂದು ಜೆಲ್ಲಿಯಲ್ಲಿ ಬೆರೆಸಿ, ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಹರಡುತ್ತೇವೆ. ಉಪ್ಪು, ಸೋಪಿನಂಥ ದ್ರಾವಣದಲ್ಲಿ ಇಟ್ಟರೆ ಕಣದ ಸಿಪ್ಪೆಯೆಲ್ಲ ಕರಗಿ ಡಿಎನ್‌ಎ ಉಂಡೆ ಮಾತ್ರ ಉಳಿಯುತ್ತದೆ. ಆಮೇಲೆ ಸಣ್ಣದಾಗಿ ಕರೆಂಟ್ ಹಾಯಿಸುತ್ತೇವೆ. ಗಟ್ಟಿಯಾಗಿರುವ ಡಿಎನ್‌ಎ ಉಂಡೆ ಇದ್ದಲ್ಲೇ ಇರುತ್ತದೆ. ತುಂಡಾಗಿದ್ದರೆ ತುಂಡುಗಳು ಒಂದು ಕಡೆಗೆ ಎಳೆದುಕೊಂಡು ಹೋಗುತ್ತವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಚುಕ್ಕಿಗಳು. ಚೆನ್ನಾಗಿರುವ ಕಣ ಹಣೆಗೆ ಇಟ್ಟ ಬೊಟ್ಟಿನ ಹಾಗೆ ದುಂಡಗೆ. ಪೆಟ್ಟು ಬಿದ್ದ ಕಣ ಬೆವರಿಗೆ ಆ ಬೊಟ್ಟು ಕರಗಿ ಇಳಿದ ಹಾಗೆ, ಒಂದು ಕಡೆ ಬಾಲ ಬಿಟ್ಟುಕೊಂಡು.

ದುರಸ್ತಿ ನೋಡಲು ಇನ್ನೊಂದು ಹೆಜ್ಜೆ ಇದೆ. ಅದೇ ಕಣಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬೇಕಂತಲೇ ಪೆಟ್ಟು ಕೊಡುತ್ತೇವೆ. ಆಮೇಲೆ ಮೈಯಷ್ಟೇ ಬಿಸಿ, ಅಂದರೆ 37 ಡಿಗ್ರಿಯಲ್ಲಿ ಇಟ್ಟು, ಆಗಾಗ ತೆಗೆದು ನೋಡುತ್ತೇವೆ. ಹೊತ್ತು ಕಳೆದ ಹಾಗೆ ಬಾಲ ಮೋಟಾಗುತ್ತಾ ಬರುತ್ತದೆ. ಕಣ ತನ್ನನ್ನು ತಾನೇ ಸರಿಮಾಡಿಕೊಳ್ಳುವುದನ್ನು ಕಣ್ಣಾರೆ ನೋಡಿದ ಹಾಗೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ. ಶುಗರ್ ಇರುವವರ ಕಣಗಳಲ್ಲಿ ಈ ಮೋಟಾಗುವುದು ನಿಧಾನ. ಕಿಡ್ನಿಯೂ ಸೋತಿದ್ದರೆ ಶುರುವಿನಿಂದಲೇ ಬಾಲ ಉದ್ದವಿರುತ್ತದೆ.

ಈ ಪರೀಕ್ಷೆ ಬಹಳ ನಾಜೂಕು. ಶುರುವಿನ ದಿನಗಳಲ್ಲಿ ಒಮ್ಮೆ ಟ್ಯೂಬ್‌ಲೈಟ್ ಆರಿಸದೆ ಕೆಲಸ ಮಾಡಿಬಿಟ್ಟೆ. ಆವತ್ತು ಆರೋಗ್ಯವಂತ ಹುಡುಗರ ಕಣಗಳಿಗೂ ಉದ್ದ ಬಾಲ ಬಂದಿತ್ತು. ಬೆಳಕೇ ಡಿಎನ್‌ಎಗೆ ಪೆಟ್ಟು ಕೊಟ್ಟಿತ್ತು. ವಾರದ ಕೆಲಸವನ್ನೆಲ್ಲ ಬಿಸಾಡಿ ಮತ್ತೆ ಮಾಡಿದೆ. ಇದನ್ನು ಯಾಕೆ ಹೇಳಿದೆ ಅಂದರೆ, ಇದು ಸಕ್ಕರೆ ಅಥವಾ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಹಾಗೆ ಒಂದು ನಂಬರ್ ಕೊಟ್ಟು ಚಿಕಿತ್ಸೆ ತಿದ್ದುವ ಪರೀಕ್ಷೆಯಲ್ಲ. ಒಂದು ಲ್ಯಾಬಿನ ಲೆಕ್ಕ ಇನ್ನೊಂದು ಲ್ಯಾಬಿಗೆ ಹೊಂದುವುದಿಲ್ಲ. ನೂರಾರು ಜನರನ್ನು ಗುಂಪಾಗಿ ಹೋಲಿಸಿ ಅರ್ಥ ಮಾಡಿಕೊಳ್ಳಲು ಅದು ಒಳ್ಳೆಯದು. ‘ಅಪ್ಪನ ರಿಪೋರ್ಟ್ ಕೊಡಿ’ ಅಂತ ಕೇಳಿ ತಂದರೂ ಅದರಿಂದ ಅವರ ಔಷಧಿಯಲ್ಲಿ ಒಂದು ಮಾತ್ರೆಯೂ ಬದಲಾಗುವುದಿಲ್ಲ. ದುಡ್ಡು ಕೊಟ್ಟು ಹೊರಗೆ ಮಾಡಿಸುವುದಂತೂ ಬೇಡವೇ ಬೇಡ.

ಹಾಗಾದರೆ ಪೆಟ್ಟು ಯಾಕೆ ಜಾಸ್ತಿ ಬೀಳುತ್ತದೆ? ದೊಡ್ಡ ಪಾಲು ಮೊದಲ 16 ವರ್ಷದ್ದು, ಕೊನೆಯ ಎರಡು ವರ್ಷದ್ದಲ್ಲ.

ರಕ್ತದಲ್ಲಿ ಸಕ್ಕರೆ ಏರಿದಾಗ ಜೀವಕೋಶದ ಒಲೆಗಳು, ಅಂದರೆ ಮೈಟೊಕಾಂಡ್ರಿಯಾ, ಅಳತೆ ಮೀರಿ ಉರಿಯುತ್ತವೆ. ಆ ಉರಿಯ ಕಿಡಿಗಳೇ ಡಿಎನ್‌ಎಗೆ ತುಕ್ಕು ಹಿಡಿಸುವುದು. ಜೊತೆಗೆ ಸಕ್ಕರೆ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಒಬ್ಬಟ್ಟು ಕಾವಲಿಯ ಮೇಲೆ ಕೆಂಪಗೆ ತಿರುಗುತ್ತದಲ್ಲ, ಅಲ್ಲಿ ನಡೆಯುವುದೂ ಇದೇ ಅಂಟುವ ಕೆಲಸ. ಮೈಯಲ್ಲಿ ಅದು ವರ್ಷಗಟ್ಟಲೆ, ಸಣ್ಣ ಉರಿಯಲ್ಲಿ ನಡೆಯುತ್ತದೆ. ಡಿಎನ್‌ಎ ರಿಪೇರಿ ಮಾಡುವ ಕಿಣ್ವಗಳೂ ಪ್ರೋಟೀನುಗಳೇ ತಾನೇ. ಪೆಟ್ಟು ಹೆಚ್ಚುವುದರ ಜೊತೆಗೆ ಬೆಸೆಯುವ ಕೈಗಳೂ ನಿಧಾನವಾಗುತ್ತವೆ.

ಆಮೇಲೆ ಕಿಡ್ನಿ ಸೋಲುತ್ತದೆ. ಆ ಅಂಟು ಕಸವನ್ನು ಹೊರಗೆ ಹಾಕುತ್ತಿದ್ದದ್ದೇ ಕಿಡ್ನಿ. ಅದು ನಿಂತ ಮೇಲೆ ಕಸ ಒಳಗೇ ಗುಡ್ಡೆ ಬೀಳುತ್ತದೆ. ಕರುಳಿನ ಬ್ಯಾಕ್ಟೀರಿಯಾದಿಂದ ಹುಟ್ಟುವ ಇಂಡಾಕ್ಸಿಲ್ ಸಲ್ಫೇಟ್‌ನಂಥ ಕೆಲವು ವಿಷಗಳು ರಕ್ತದಲ್ಲಿನ ಪ್ರೋಟೀನ್ ಆದ ಅಲ್ಬುಮಿನ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಡಯಾಲಿಸಿಸ್ ಕೂಡ ಅವನ್ನು ಪೂರ್ತಿ ತೆಗೆಯಲಾರದು.

ಮಿಷನ್ನಿನ ಪಾಲು ಏನೂ ಇಲ್ಲವಾ ಅಂದರೆ, ಇದೆ. ರಕ್ತ, ಅದನ್ನು ಸೋಸುವ ಡಯಲೈಸರ್‌ನ ಪೊರೆಗೆ ತಾಗಿದಾಗ ಬಿಳಿ ಕಣಗಳು ಕೆರಳುತ್ತವೆ. ನೀರಿನಲ್ಲಿ ಕರಗುವ ವಿಟಮಿನ್ ಸಿ, ಫೋಲಿಕ್ ಆಸಿಡ್ ಕಸದ ಜೊತೆ ಕೊಚ್ಚಿಹೋಗುತ್ತವೆ. ಫೋಲಿಕ್ ಆಸಿಡ್ ಇಲ್ಲದೆ ಡಿಎನ್‌ಎಗೆ ಹೊಸ ಅಕ್ಷರ ತಯಾರಾಗುವುದಿಲ್ಲ. ಅದಕ್ಕೇ ಅಪ್ಪನ ಚೀಟಿಯಲ್ಲಿ ಆ ಚಿಕ್ಕ ಹಳದಿ ಮಾತ್ರೆ ಇರುವ ಸಂಭವ ಹೆಚ್ಚು. ಅದನ್ನು ಸತ್ವ ಇಲ್ಲದ್ದು ಅಂತ ಬಿಡಬೇಡಿ.

ಆದರೆ ಎರಡು ವಿಷಯ ನೋಡಿ. ಡಯಾಲಿಸಿಸ್ ಇನ್ನೂ ಶುರುವಾಗದ, ಕ್ರಿಯಾಟಿನಿನ್ ಮಾತ್ರ ಏರಿರುವ ರೋಗಿಗಳಲ್ಲೂ ಇದೇ ಹಾನಿ ಸಿಕ್ಕಿದೆ. ಮಿಷನ್ ಮುಟ್ಟುವ ಮೊದಲೇ ಅದು ಅಲ್ಲಿತ್ತು. ಎರಡನೆಯದು, ವಾರಕ್ಕೆ ಮೂರರ ಬದಲು ದಿನಾಲೂ ಡಯಾಲಿಸಿಸ್ ಪಡೆದವರಲ್ಲಿ ಹಾನಿ ಕಡಿಮೆ ಕಂಡಿದೆ. ಮಿಷನ್ನೇ ಮುಖ್ಯ ಕಾರಣವಾಗಿದ್ದರೆ ಜಾಸ್ತಿ ಮಾಡಿಸಿದವರಲ್ಲಿ ಜಾಸ್ತಿ ಇರಬೇಕಿತ್ತು, ಅಲ್ವಾ?

ಕ್ಯಾನ್ಸರ್ ವಿಷಯ. 1999ರಲ್ಲಿ ಅಮೆರಿಕ, ಯುರೋಪ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಎಂಟು ಲಕ್ಷಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ಲೆಕ್ಕ ಪ್ರಕಟವಾಯಿತು. ಅದೇ ವಯಸ್ಸಿನ ಉಳಿದವರಿಗೆ ಹೋಲಿಸಿದರೆ ಇವರಲ್ಲಿ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ನೂರು ಇರಬೇಕಾದಲ್ಲಿ ನೂರಹದಿನೆಂಟು. ಹೆಚ್ಚು ಕಂಡದ್ದು ಕಿಡ್ನಿ, ಮೂತ್ರಕೋಶದಂಥ ಕಡೆ. ಹಾಗಾಗಿ ಅಪ್ಪನಿಗೆ ಮೂತ್ರ ಇನ್ನೂ ಸ್ವಲ್ಪ ಬರುತ್ತಿದ್ದು, ಅದರಲ್ಲಿ ರಕ್ತ ಕಂಡರೆ ಅದೇ ದಿನ ಹೇಳಿ. ಬೀಡಿ, ಹೊಗೆಸೊಪ್ಪು ಇದ್ದರೆ ಬಿಡಿಸಿ. ಅಷ್ಟು ಸಾಕು. ಡಯಾಲಿಸಿಸ್ ರೋಗಿಗಳನ್ನು ನಿಜಕ್ಕೂ ಕಸಿದುಕೊಳ್ಳುವುದು ಹೃದಯದ ಕಾಯಿಲೆ, ಅದರ ಹಿಂದೆ ಸೋಂಕು. ಇಪ್ಪತ್ತು ವರ್ಷ ಆಚೆಯ ಕ್ಯಾನ್ಸರ್‌ಗೆ ಹೆದರಿ ಈ ವಾರದ ಡಯಾಲಿಸಿಸ್ ಬಿಟ್ಟರೆ, ಪೊಟ್ಯಾಸಿಯಂ ಏರಿ ಹೃದಯ ನಿಲ್ಲುವುದಕ್ಕೆ ಕೆಲವು ದಿನ ಸಾಕು. ಹೀಗೆ ಪುಡಿ ನಂಬಿ ಎರಡು ವಾರ ಬಿಟ್ಟವರೊಬ್ಬರನ್ನು ಮಧ್ಯರಾತ್ರಿ ಕರೆತಂದಿದ್ದರು. ಮಲಗಲು ಆಗುತ್ತಿರಲಿಲ್ಲ, ಕೂತೇ ಏದುಸಿರು. ಶ್ವಾಸಕೋಶದ ತುಂಬಾ ನೀರು. ಆ ರಾತ್ರಿಯೇ ಡಯಾಲಿಸಿಸ್ ಮಾಡಿ ಉಳಿಸಿಕೊಂಡೆವು. ಎಲ್ಲರೂ ಆಸ್ಪತ್ರೆ ಬಾಗಿಲವರೆಗೆ ಬರುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಡಿಎನ್‌ಎಗಿಂತ ನನ್ನನ್ನು ಕಾಡಿದ್ದು ‘ಎರಡೇ ಸಲ ಹೋಗುತ್ತೇವೆ’ ಅನ್ನುವ ಸಾಲು.

ಲೆಕ್ಕ ಮಾಡಿ ನೋಡಿ. ವಾರಕ್ಕೆ 168 ಗಂಟೆ. ಒಳ್ಳೆಯ ಕಿಡ್ನಿ 168 ಗಂಟೆಯೂ ದುಡಿಯುತ್ತದೆ. ನಾಲ್ಕು ಗಂಟೆಯ ಡಯಾಲಿಸಿಸ್ ಮೂರು ಸಲ ಅಂದರೆ 12 ಗಂಟೆ. ಅದೇ ಕಡಿಮೆ. ಎರಡೇ ಸಲ ಅಂದರೆ 8 ಗಂಟೆ. ‘ಕಾಲು ಜೋಮು ಹಿಡಿಯುತ್ತೆ, ಬೇಗ ಇಳಿಸಿ’ ಅಂತ ಮೂರೂವರೆ ಗಂಟೆಗೇ ಎದ್ದರೆ ಏಳು ಗಂಟೆ. ಉಳಿದ 161 ಗಂಟೆ ಆ ಕಸದಲ್ಲೇ ಡಿಎನ್‌ಎ ನೆನೆಯುತ್ತಿರುತ್ತದೆ. ಮೂರು ಸಲ ಮಾಡಿಸುವವರಲ್ಲೂ ಭಾನುವಾರ ಸೇರಿ ಬರುವ ಎರಡು ದಿನದ ಬಿಡುವಿನ ಮರುದಿನ ಸಾವು, ಹೃದಯಾಘಾತ ಹೆಚ್ಚು ಅಂತ ಅಮೆರಿಕದ 32 ಸಾವಿರ ರೋಗಿಗಳ ಅಧ್ಯಯನ 2011ರಲ್ಲಿ ತೋರಿಸಿತು. ನಿಮ್ಮ ಅಪ್ಪನಿಗೆ ಆ ಬಿಡುವು ಪ್ರತಿ ವಾರವೂ ಇನ್ನಷ್ಟು ಉದ್ದ.

ಓಡಾಟದ ಕಷ್ಟ ನನಗೆ ಗೊತ್ತು. ಒಬ್ಬರು ಮಲಗಲು, ಒಬ್ಬರು ಜೊತೆಗೆ ಇರಲು, ಇಬ್ಬರ ದಿನಗೂಲಿ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ. ಬಡವರಿಗಾಗಿ ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದದ್ದು 2016ರಲ್ಲಿ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟಕ್ಕೂ ಯಂತ್ರಗಳು ಬಂದಿವೆ. ಈಗ ದೂರ ಹೋಗುತ್ತಿದ್ದರೆ ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆಯಲ್ಲಿ, ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಪಾಳಿ ಸಿಗುತ್ತದಾ ಅಂತ ಹೋಗಿ ವಿಚಾರಿಸಿ. ಇಲ್ಲ ಅಂದರೆ ಹೆಸರು ಬರೆಸಿ, ವಾರ ಬಿಟ್ಟು ಮತ್ತೆ ಕೇಳಿ. ನಿಜಕ್ಕೂ ಎರಡೇ ಸಲ ಸಾಧ್ಯ ಅನ್ನುವುದಾದರೆ ಅದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಎಷ್ಟು ಮೂತ್ರ ಬರುತ್ತಿದೆ ಅಂತ ಅಳೆದು, ಹೊತ್ತು ಹೆಚ್ಚಿಸಬಹುದಾ ಅಂತ ಅವರು ನೋಡುತ್ತಾರೆ.

ನೀರಿನ ಬಗ್ಗೆ ಒಂದು ಮಾತು, ನಮ್ಮ ಕಡೆಯವರಿಗೆ ಇದು ಬೇಕಾದದ್ದು. ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ನೀರು ಬೇಕು. ತೆಳ್ಳಗಿನ ಪೊರೆಯ ಆಚೆ ಆ ನೀರು, ಈಚೆ ಅಪ್ಪನ ರಕ್ತ. ಚಿಕ್ಕಬಳ್ಳಾಪುರ, ಕೋಲಾರ, ಪಾವಗಡದ ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು ಅಂತ ನಮಗೆಲ್ಲ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ತನಕ ಒಪ್ಪುತ್ತಾರೆ. ಡಯಾಲಿಸಿಸ್ ನೀರಿನಲ್ಲಿ 0.2 ದಾಟಬಾರದು. ಹಾಗಾಗಿ ಆರ್‌ಒ ಘಟಕವೇ ಡಯಾಲಿಸಿಸ್ ವಾರ್ಡಿನ ಜೀವ. ‘ನೀರಿನ ಪರೀಕ್ಷೆ ಯಾವಾಗ ಆಯಿತು’ ಅಂತ ಟೆಕ್ನಿಶಿಯನ್‌ನ ಕೇಳುವ ಹಕ್ಕು ನಿಮಗಿದೆ. ಮರ್ಯಾದೆಯಿಂದ ಕೇಳಿ, ಒಳ್ಳೆಯವರು ಪುಸ್ತಕ ತೆಗೆದು ತೋರಿಸುತ್ತಾರೆ.

ಶುಗರ್‌ ಕಡೆಗೆ ಬರೋಣ. ಹಾನಿ ಕಡಿಮೆ ಆಗಲಿ ಅಂತ ಸಕ್ಕರೆಯನ್ನು ತೀರಾ ಕೆಳಗೆ ಇಳಿಸಲು ಹೋಗಬೇಡಿ. ಇನ್ಸುಲಿನ್ ಅನ್ನು ಕರಗಿಸುವ ಕೆಲಸದಲ್ಲೂ ಕಿಡ್ನಿಗೆ ಪಾಲಿತ್ತು. ಈಗ ಚುಚ್ಚಿದ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹಾಗಾಗಿ ಡಯಾಲಿಸಿಸ್ ಶುರುವಾದ ಮೇಲೆ ಎಷ್ಟೋ ಜನಕ್ಕೆ ಡೋಸ್ ಇಳಿಸಬೇಕಾಗುತ್ತದೆ. ‘ಶುಗರ್ ತಾನಾಗೇ ವಾಸಿಯಾಯ್ತು’ ಅಂತ ಕೆಲವರು ಖುಷಿಪಡುತ್ತಾರೆ. ಅದು ವಾಸಿಯಲ್ಲ, ಕಿಡ್ನಿ ಪೂರ್ತಿ ಸೋತದ್ದರ ಗುರುತು. ಬೆವರು, ಕೈ ನಡುಕ, ತೊದಲು ಮಾತು ಬಂದರೆ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆಯನ್ನು ಸ್ವಲ್ಪವೇ ನೀರಿನಲ್ಲಿ ಕದಡಿ ಕುಡಿಸಿ. ಹಣ್ಣಿನ ಜ್ಯೂಸ್, ಎಳನೀರು ಬೇಡ, ಅದರಲ್ಲಿ ಪೊಟ್ಯಾಸಿಯಂ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ರಿಪೋರ್ಟ್ ಒಂದನ್ನೇ ನಂಬಬೇಡಿ. ಡಯಾಲಿಸಿಸ್‌ನಲ್ಲಿ ಕೆಂಪು ಕಣಗಳ ಆಯಸ್ಸು ಕಡಿಮೆ, ಜೊತೆಗೆ ರಕ್ತ ಹೆಚ್ಚಿಸುವ ಇಂಜೆಕ್ಷನ್‌ನಿಂದ ಹೊಸ ಕಣಗಳು ಬರುತ್ತಿರುತ್ತವೆ. ಹೊಸ ಕಣಕ್ಕೆ ಸಕ್ಕರೆ ಅಂಟಲು ಪುರುಸೊತ್ತು ಸಿಕ್ಕಿರುವುದಿಲ್ಲ. ರಿಪೋರ್ಟ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಡಿಎನ್‌ಎಗೆ ಒಳ್ಳೆಯದು ಅಂತ ಮೊಬೈಲಿನಲ್ಲಿ ಊಟದ ಪಟ್ಟಿಗಳು ಓಡಾಡುತ್ತವೆ. ಸೊಪ್ಪು, ಟೊಮ್ಯಾಟೊ, ದಾಳಿಂಬೆ, ಒಣಹಣ್ಣು ಜಾಸ್ತಿ ತಿನ್ನಿ ಅಂತ. ಕಿಡ್ನಿ ಚೆನ್ನಾಗಿರುವವರಿಗೆ ಅದು ಒಳ್ಳೆಯ ಮಾತು. ಅಪ್ಪನಿಗೆ ಅಲ್ಲ, ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ನಮ್ಮ ಕಡೆ ಟೊಮ್ಯಾಟೊ ಅಗ್ಗವಾದಾಗ ಎಲ್ಲದಕ್ಕೂ ಅದೇ ಬೀಳುತ್ತದೆ. ಮಾವಿನ ಕಾಲ ಬಂತು ಅಂದರೆ ನನಗೆ ಭಯ. ಇನ್ನು ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ನೀರು ಬಸಿದು, ಆ ಕಟ್ಟಿನಲ್ಲೇ ಸಾರು ಮಾಡುತ್ತೀರಿ. ಬೇಯುವಾಗ ಪೊಟ್ಯಾಸಿಯಂ ಸೊಪ್ಪಿನಿಂದ ಇಳಿದು ಸೇರುವುದು ಅದೇ ಕಟ್ಟಿಗೆ. ಮುದ್ದೆಯ ಮೇಲೆ ಎರಡು ಸೌಟು ಹುಯ್ದರೆ ಎಲ್ಲವೂ ಹೊಟ್ಟೆಗೆ ಹೋಯಿತು. ಅಪ್ಪನಿಗೆ ಬಸಿದ ಸೊಪ್ಪಿನ ಪಲ್ಯ ಸ್ವಲ್ಪ ಬಡಿಸಿ, ಸಾರನ್ನು ಉಳಿದವರು ಊಟ ಮಾಡಿ. ಆಸೆಪಟ್ಟು ಕೇಳಿದವರಿಗೆ ಇಲ್ಲ ಅನ್ನುವುದು ಕಷ್ಟ ಅಂತ ಗೊತ್ತು. ಹೀರೇಕಾಯಿ, ಸೋರೆಕಾಯಿ ಹೆಚ್ಚಿ ಬೇಯಿಸಿ, ನೀರು ಚೆಲ್ಲಿ, ಒಗ್ಗರಣೆ ಕೊಟ್ಟು ಮುದ್ದೆಯ ಜೊತೆ ಕೊಡಿ. ಮೊಟ್ಟೆಯ ಬಿಳಿ ಕೊಡಿ. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಕಡಿಮೆಯಾದರೆ ಬೆಸೆಯುವ ಕಿಣ್ವ ಯಾವುದರಿಂದ ತಯಾರಾಗಬೇಕು?

ಪುಡಿಯ ವಿಷಯ. ಅದರೊಳಗೆ ಏನಿದೆ ಅಂತ ನನಗೆ ಕಾಣುವುದಿಲ್ಲ, ತಂದುಕೊಟ್ಟವರಿಗೂ ಗೊತ್ತಿರಲಾರದು. ಅವರು ಪ್ರೀತಿಯಿಂದಲೇ ತಂದಿದ್ದಾರೆ. ಅವರ ಜೊತೆ ಜಗಳ ಬೇಡ. ಆದರೆ ಎಲೆ, ಬೇರಿನ ಪುಡಿಗಳಲ್ಲಿ ಪೊಟ್ಯಾಸಿಯಂ ಇರುತ್ತದೆ, ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ ಇರುತ್ತದೆ. ಇದಕ್ಕಿಂತ ಕೆಟ್ಟದ್ದೂ ಇದೆ. ನಮ್ಮ ಬೇಲಿಗಳಲ್ಲಿ ಹಬ್ಬುವ ಈಶ್ವರಿ ಬಳ್ಳಿ ನಿಮಗೆ ಗೊತ್ತಿರಬೇಕು. ಹಾವು ಕಡಿತಕ್ಕೆ ಅಂತ ಅದರ ಬೇರನ್ನು ಹಳ್ಳಿಗಳಲ್ಲಿ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇದೆ. ಅದು ನೇರವಾಗಿ ಡಿಎನ್‌ಎಗೆ ಹೋಗಿ ಅಂಟಿಕೊಳ್ಳುತ್ತದೆ, ಬಿಡಿಸಲು ಬಾರದ ಹಾಗೆ. ಕಿಡ್ನಿ ಹಾಳಾಗುತ್ತದೆ, ಮೂತ್ರನಾಳದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗಿಡಮೂಲಿಕೆ ಮಾತ್ರೆಗಳಲ್ಲಿ ಇದೇ ಜಾತಿಯ ಬಳ್ಳಿ ಸೇರಿಕೊಂಡು ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿಗೆ ಹಾನಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ‘ಗಿಡದ್ದು, ಏನೂ ಆಗಲ್ಲ’ ಅನ್ನುವ ಮಾತನ್ನು ನಾನು ಒಪ್ಪದಿರುವುದಕ್ಕೆ ಇದು ಕಾರಣ. ಪುಡಿಯ ಪೊಟ್ಟಣವನ್ನು ಮುಂದಿನ ಡಯಾಲಿಸಿಸ್‌ಗೆ ಹೋಗುವಾಗ ತೆಗೆದುಕೊಂಡು ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ.

ಅಂಗಡಿಯ ವಿಟಮಿನ್‌ಗಳೂ ಹಾಗೇ. ವಿಟಮಿನ್ ಸಿ ತುಕ್ಕು ತಡೆಯುತ್ತದೆ ಅಂತ ದಿನಕ್ಕೆ ಗ್ರಾಂಗಟ್ಟಲೆ ನುಂಗಿದರೆ, ಕಿಡ್ನಿ ಇಲ್ಲದವರ ಮೈಯಲ್ಲಿ ಅದು ಆಕ್ಸಲೇಟ್ ಆಗಿ ಶೇಖರವಾಗುತ್ತದೆ. ಡಾಕ್ಟರು ಬರೆದಷ್ಟೇ ಸಾಕು. ಜೀವಕೋಶದ ಸ್ವಂತ ರಕ್ಷಣೆಯನ್ನೇ ಬಲಪಡಿಸುವ ಬಾರ್ಡೊಕ್ಸೊಲೋನ್ ಅನ್ನುವ ಔಷಧಿಯ ಮೇಲೆ ಬಹಳ ಆಸೆ ಇತ್ತು. ಕಿಡ್ನಿ ಸೋಲುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶುಗರ್ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದರು. ಹೃದಯ ಸೋಲುವುದು ಹೆಚ್ಚಾಯಿತು ಅಂತ 2012ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಕಾಗದದ ಮೇಲೆ ಚೆನ್ನಾಗಿ ಕಾಣುವುದು ಮೈಯೊಳಗೆ ಹಾಗೇ ನಡೆಯುತ್ತದೆ ಅಂತಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಕಬ್ಬಿಣದ ಇಂಜೆಕ್ಷನ್ ಬಗ್ಗೆ. ಬಿಡಿ ಕಬ್ಬಿಣ ಡಿಎನ್‌ಎಗೆ ತುಕ್ಕು ಹಿಡಿಸುತ್ತದೆ ಅನ್ನುವುದು ರಸಾಯನಶಾಸ್ತ್ರದಲ್ಲಿ ನಿಜ. ಅದನ್ನು ಓದಿ ಇಂಜೆಕ್ಷನ್ ಬೇಡ ಅನ್ನುವವರಿದ್ದಾರೆ. ಬ್ರಿಟನ್ನಿನಲ್ಲಿ 2,141 ಡಯಾಲಿಸಿಸ್ ರೋಗಿಗಳ ಮೇಲೆ ಪರೀಕ್ಷಿಸಿದಾಗ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್ ನೋಡಿಕೊಂಡು ಮುಂಚಿತವಾಗಿ ಕಬ್ಬಿಣ ಕೊಟ್ಟವರಲ್ಲಿ ಸಾವು ಮತ್ತು ಹೃದಯದ ತೊಂದರೆ ಕಡಿಮೆಯೇ ಇತ್ತು. ಡಾಕ್ಟರು ಹೇಳಿದರೆ ಹಾಕಿಸಿಕೊಳ್ಳಿ.

ಸೋಂಕು ಇದ್ದಾಗ ಮೈಯೆಲ್ಲ ಉರಿಯುತ್ತಿರುತ್ತದೆ, ಡಿಎನ್‌ಎಗೂ ಆ ಬಿಸಿ ತಟ್ಟುತ್ತದೆ. ದಿನಾ ರಾತ್ರಿ ಅಪ್ಪನ ಪಾದ ನೋಡಿ, ಬೆರಳ ಸಂದಿಯನ್ನೂ ಬಿಡಬೇಡಿ. ಬಿಸಿನೀರಿನ ಬೇಸಿನ್ ಮುಂದೆ ವರ್ಷಗಟ್ಟಲೆ ಕೂತವರ ಕೈಯಲ್ಲಿ ಚರ್ಮ ಒಡೆದಿರುತ್ತದೆ, ಅದನ್ನೂ ನೋಡಿ. ಕತ್ತಿನಲ್ಲಿ ನಳಿಕೆ ಇದ್ದರೆ ಫಿಸ್ಟುಲಾ, ಅಂದರೆ ಸೂಜಿ ಚುಚ್ಚಲು ಕೈಯ ರಕ್ತನಾಳಗಳನ್ನು ಕೂಡಿಸುವ ಆಪರೇಷನ್, ಮಾಡಿಸಲು ಆಗುತ್ತದಾ ಕೇಳಿ. ಫಿಸ್ಟುಲಾ ಇದ್ದರೆ ಬೆಳಿಗ್ಗೆ ಎದ್ದ ಕೂಡಲೇ ಅದರ ಮೇಲೆ ಬೆರಳಿಡಿ. ಬೆಕ್ಕು ಗುರುಗುಟ್ಟಿದ ಹಾಗೆ ಬೆರಳಿಗೆ ತಿಳಿಯಬೇಕು. ನಿಂತಿದ್ದರೆ ತಕ್ಷಣ ಆಸ್ಪತ್ರೆಗೆ.

ಕೊನೆಗೆ ನಿಮ್ಮ ಮತ್ತು ಮಕ್ಕಳ ಪ್ರಶ್ನೆ. ಅಪ್ಪನ ರಕ್ತಕಣದಲ್ಲಿ ಕಂಡ ಈ ಹಾನಿ ನಿಮಗೆ ಬಂದಿಲ್ಲ, ಬರುವುದೂ ಇಲ್ಲ. ನೀವು ಹುಟ್ಟಿದ್ದು ಅವರಿಗೆ ಶುಗರ್ ಬರುವ ಮೊದಲು. ಅದಿರಲಿ, ರಕ್ತಕಣದ ಡಿಎನ್‌ಎ ಯಾರ ಮಕ್ಕಳಿಗೂ ಹೋಗುವುದಿಲ್ಲ. ನಿಮಗೆ ಬಂದಿರಬಹುದಾದದ್ದು ಶುಗರ್ ಬರುವ ಒಲವು. ಅದನ್ನು ಕಂಡುಹಿಡಿಯಲು ಡಿಎನ್‌ಎ ಟೆಸ್ಟ್ ಬೇಕಿಲ್ಲ. ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯ ಶುಗರ್, ಬಿಪಿ ನೋಡಿಸಿ. ನಿಮ್ಮ ಅಣ್ಣ ತಮ್ಮಂದಿರಿಗೂ ಹೇಳಿ. ಯಾರಿಗಾದರೂ ಶುಗರ್ ಅಥವಾ ಬಿಪಿ ಸಿಕ್ಕಿದರೆ ಅವರು ಕ್ರಿಯಾಟಿನಿನ್ ಜೊತೆಗೆ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನೂ ಮಾಡಿಸಬೇಕು. ಕ್ರಿಯಾಟಿನಿನ್ ಏರುವ ಎಷ್ಟೋ ವರ್ಷ ಮೊದಲೇ ಮೂತ್ರದಲ್ಲಿ ಅಲ್ಬುಮಿನ್ ಸೋರಲು ಶುರುವಾಗಿರುತ್ತದೆ. ಆಗ ಹಿಡಿದರೆ ಕಿಡ್ನಿ ಉಳಿಸುವ ಮಾತ್ರೆಗಳಿವೆ. ಬೆಳಗಿನ ಮೊದಲ ಮೂತ್ರ ಕೊಡಿ. ಜ್ವರ ಇದ್ದಾಗ, ಮುಟ್ಟಿನ ದಿನಗಳಲ್ಲಿ ಕೊಡಬೇಡಿ. ಅನುಪಾತ 30ಕ್ಕಿಂತ (ಮಿ.ಗ್ರಾಂ/ಗ್ರಾಂ) ಕಡಿಮೆ ಬಂದರೆ ಮುಂದಿನ ವರ್ಷ ನೋಡಿದರಾಯಿತು. ಹೆಚ್ಚು ಬಂದರೆ ಮೂರು ತಿಂಗಳೊಳಗೆ ಇನ್ನೊಮ್ಮೆ ಮಾಡಿಸಿ, ಎರಡೂ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ.